ಕೊನೆಮನೆಯ ಕಲಗಚ್ಚು

ನಮ್ಮ ಬೀದಿಯಲ್ಲಿ ಯಾರಾದರೂ ಚೊಂಬಿನಲ್ಲಿ ಉಳಿದ ನೀರನ್ನು ಅಂಗಳಕ್ಕೆ ಎರಚಲು ಕೈಯೆತ್ತಿದರೆ ಸಾಕು, ಎಲ್ಲಿಂದಲೋ ಒಂದು ದನಿ ಬರುತ್ತಿತ್ತು: "ತಡೀರಿ ತಡೀರಿ, ಅದಕ್ಕಿನ್ನೂ ಎಲ್ಡು ಕೆಲ್ಸ ಬಾಕಿ ಐತೆ." ಎತ್ತಿದ ಕೈ ಅಲ್ಲೇ ನಿಲ್ಲುತ್ತಿತ್ತು. ಆ ದನಿ ಹೋದ ತಿಂಗಳು ನಿಂತುಹೋಯಿತು. ನನ್ನ ಕೈ ಮಾತ್ರ ಈಗಲೂ ನಿಲ್ಲುತ್ತದೆ. ಚೊಂಬು ಹಿಡಿದು ಅಂಗಳದಲ್ಲಿ ಕಂಬದ ಹಾಗೆ ನಿಂತಿದ್ದನ್ನು ಕಂಡು ನನ್ನ ಹೆಂಡತಿ, "ಏನ್ರೀ, ಲಕ್ವ ಹೊಡೀತಾ?" ಎಂದು ಓಡಿ ಬಂದಿದ್ದಳು.

ಆಯಮ್ಮನ ಹೆಸರು ಬರೆಯುವುದಿಲ್ಲ. ಬರೆದರೆ ಪಕ್ಕದಲ್ಲಿ ನನ್ನ ಹೆಸರನ್ನೂ ಬರೆಯಬೇಕಾಗುತ್ತದೆ. ಅಷ್ಟು ಧೈರ್ಯ ಇನ್ನೂ ಬಂದಿಲ್ಲ. ಹೊಳೆನರಸೀಪುರದಿಂದ ಚನ್ನರಾಯಪಟ್ಟಣದ ಕಡೆಗೆ ಹೋಗುವಾಗ ಒಳಕ್ಕೆ ಸಿಗುವ ಊರು ನಮ್ಮದು. ಬೀದಿಯ ಕೊನೆಯ ಮನೆ ಅವಳದು, ಅದಕ್ಕೆ ಮೊದಲಿನದು ನನ್ನದು. ಊರೆಲ್ಲ ಅವಳನ್ನು ಕರೆಯುತ್ತಿದ್ದುದು ಕೊನೆಮನೆಯಮ್ಮ ಎಂದೇ. ಗಂಡ ಬೇಗ ತೀರಿಕೊಂಡಿದ್ದ. ಒಬ್ಬಳೇ ಮಗಳನ್ನು ಅರಕಲಗೂಡಿನ ಕಡೆಗೆ ಕೊಟ್ಟಿದ್ದಳು. ಉಳಿದದ್ದು ಒಂದು ಹಸು, ನಾಲ್ಕು ಅಂಕಣದ ಮನೆ, ಹಿಂದೆ ಒಂದು ಹಿತ್ತಲು. ಹಸುವಿನ ಹಾಲು ಡೈರಿಗೆ, ಹಿತ್ತಲಿನ ಸೊಪ್ಪು ಸಂತೆಗೆ. ಜೀವನ ನಡೆಯುತ್ತಿದ್ದುದು ಈ ಎರಡರಿಂದಲೇ.

ಆಳು ಕುಳ್ಳು. ಸೀರೆ ಸದಾ ಮೀನಖಂಡದ ಮೇಲೆ. ಕೈಯಲ್ಲಿ ಹಿಡಿ ಮುರಿದು ಹಗ್ಗ ಕಟ್ಟಿದ ಒಂದು ಬಕೆಟ್ಟು. ಆ ಬಕೆಟ್ಟಿಲ್ಲದೆ ಅವಳನ್ನು ನಾನು ನೋಡಿದ್ದು ಎರಡೋ ಮೂರೋ ಸಲ. ಅವಳ ಮನೆಯಲ್ಲಿ ಒಂದು ಕೊಡ ನೀರು ಒಳಗೆ ಬಂದರೆ ಅಷ್ಟು ಸುಲಭವಾಗಿ ಬಿಡುಗಡೆಯಾಗುತ್ತಿರಲಿಲ್ಲ. ಬಟ್ಟೆ ಜಾಲಿಸಿದ ನೀರು ಮೆಟ್ಟಿಲು ತೊಳೆದು ಆಮೇಲೆ ಬಾಳೆಗೆ. ಸ್ನಾನದ ನೀರು ಕೆಸುವಿಗೆ. ಹಸುವಿನ ಮೈ ತೊಳೆದ ನೀರು ಸೀಮೆಹುಲ್ಲಿಗೆ. ಅಕ್ಕಿ ತೊಳೆದ ನೀರು, ಪಾತ್ರೆಯ ಮುಸುರೆ, ತರಕಾರಿ ಸಿಪ್ಪೆ, ಜೊತೆಗೆ ಎರಡು ಹಿಡಿ ಬೂಸಾ ಸೇರಿ ಕಲ್ಲಿನ ಬಾನಿಯಲ್ಲಿ ಕಲಗಚ್ಚು; ಹಸುವಿಗೆ ಅದೇ ಪಾಯಸ.

ಮನೆಗೆ ಬಂದವರಿಗೆ ಕಾಲು ತೊಳೆಯಲು ನೀರು ಕೊಡುವುದು ನಮ್ಮ ಕಡೆ ಪದ್ಧತಿಯಷ್ಟೆ. ಆಯಮ್ಮನೂ ಕೊಡುತ್ತಿದ್ದಳು. ಆದರೆ ಎಲ್ಲಿ ನಿಂತು ತೊಳೆಯಬೇಕೆಂಬುದನ್ನು ಅವಳೇ ಹೇಳುತ್ತಿದ್ದಳು. "ನಿನ್ನೆ ಬಂದೋರು ಬದ್ನೆ ಗಿಡದತ್ರ ನಿಂತಿದ್ರು. ನೀವು ಇವತ್ತು ಮೆಣಸಿನ ಗಿಡಕ್ಕೆ ಬನ್ನಿ." ಮದುವೆಯಾದ ಹೊಸದರಲ್ಲಿ ಅಳಿಯ ಮೊದಲ ಸಲ ಬಂದಾಗ, ಹೊಸ ಪಂಚೆಯುಟ್ಟವನನ್ನು ಹಿತ್ತಲಿನ ಮೂಲೆಯವರೆಗೆ ನಡೆಸಿಕೊಂಡು ಹೋಗಿ ಒಣಗುತ್ತಿದ್ದ ನುಗ್ಗೆ ಸಸಿಯ ಬುಡದಲ್ಲಿ ನಿಲ್ಲಿಸಿದಳಂತೆ. ಆ ನುಗ್ಗೆ ಚಿಗುರಿತು. ಅವತ್ತಿನಿಂದ ಅವಳಿಗೆ ಅಳಿಯನ ಮೇಲೆ ಒಂದು ತೂಕ ಗೌರವ ಜಾಸ್ತಿ. "ನಮ್ಮ ಅಳಿಮಯ್ಯನ ಕಾಲ್ಗುಣ" ಎಂದು ನುಗ್ಗೇಕಾಯಿ ಕೊಡುವಾಗೆಲ್ಲ ಹೇಳುತ್ತಿದ್ದಳು.

ಇಷ್ಟು ಅವಳ ಸಂಗತಿ. ಇನ್ನು ನನ್ನದು.

ಹೇಮಾವತಿ ಕಾಲುವೆ ನಮ್ಮ ಕಣ್ಣೆದುರೇ ಹರಿದುಹೋಗುತ್ತದೆ. ಆದರೂ ಕುಡಿಯುವ ನೀರಿಗೆ ನಾವು ಬೋರಿನ ಟ್ಯಾಂಕಿನ ಮುಖವನ್ನೇ ನೋಡಬೇಕು. ಮನೆಮನೆಗೆ ನಲ್ಲಿ ಬಂದಾಗ ಊರಿಗೊಂದು ನೀರು ಸಮಿತಿ ಆಯಿತು. ಎಸ್ಸೆಸ್ಸೆಲ್ಸಿ ಪಾಸು, ಅರ್ಜಿ ಬರೆಯಲು ಬರುತ್ತದೆ ಎಂದು ನನ್ನನ್ನು ಅಧ್ಯಕ್ಷನನ್ನಾಗಿ ಮಾಡಿದರು. ದಿನ ಬಿಟ್ಟು ದಿನ ಬೆಳಿಗ್ಗೆ ಆರಕ್ಕೆ ವಾಟರ್‌ಮ್ಯಾನ್ ಮೊಪೆಡ್ಡಿನಲ್ಲಿ ಬಂದು ವಾಲ್ವ್ ತಿರುಗಿಸಿ ಎರಡು ಸಲ ಹಾರನ್ ಹೊಡೆಯುತ್ತಿದ್ದ. ಒಂದು ಗಂಟೆ ನೀರು. ನಲ್ಲಿಗೆ ಮೋಟರು ಹಾಕಿ ಎಳೆಯಬಾರದು ಎಂದು ನಿಯಮ ಬರೆದದ್ದು ನಾನು. ಅದನ್ನು ದಪ್ಪ ಅಕ್ಷರದಲ್ಲಿ ಬರೆದು ಡೈರಿಯ ಗೋಡೆಗೆ ಅಂಟಿಸಿದವನೂ ನಾನು. ಅಂಟಿಸಿ ಒಂದು ತಿಂಗಳೊಳಗೆ ಅರ್ಧ ಎಚ್.ಪಿ. ಮೋಟರು ತಂದು ನನ್ನ ನಲ್ಲಿಗೆ ಕೂರಿಸಿದವನೂ ನಾನೇ.

ಕಾರಣ ತೆಂಗಿನ ಸಸಿ. ಹಿತ್ತಲಲ್ಲಿ ಬೀಜದ ಕಾಯಿ ಮೊಳಕೆಗೆ ಹಾಕಿ, ಚೀಲಕ್ಕೆ ಕಟ್ಟಿ, ಚನ್ನರಾಯಪಟ್ಟಣಕ್ಕೆ ಒಯ್ದು ಮಾರುತ್ತಿದ್ದೆ. ಬೇಸಿಗೆಯಲ್ಲಿ ಅವಕ್ಕೆ ನೀರು ಸಾಲದು. ಮೋಟರನ್ನು ಹಿತ್ತಲ ಮೂಲೆಯಲ್ಲಿಟ್ಟು ಮೇಲೊಂದು ದೊಡ್ಡ ಬಿದಿರು ಮಂಕರಿ ಕವುಚಿ, ಕಾವು ಕೂತ ಕೋಳಿ ಒಳಗಿದೆ ಎಂದು ನೋಡಿದವರು ತಿಳಿಯಲಿ ಅಂತ ಸುತ್ತ ನಾಲ್ಕು ಪುಕ್ಕ ಚೆಲ್ಲಿದೆ. ಸದ್ದಿಗೆ? ಮಿಕ್ಸಿ ಎಂದೆ. ಹಾರನ್ ಕೇಳಿದ ತಕ್ಷಣ ಸ್ವಿಚ್ ಹಾಕುವುದು ನನ್ನ ಹೆಂಡತಿಯ ಕೆಲಸ. ಯಾರಾದರೂ ಕೇಳಿದರೆ, "ಚಟ್ನಿ ಅರೀತಿದೀನಿ" ಎನ್ನುವುದೂ ಅವಳ ಕೆಲಸ.

ಮಧ್ಯದ ಗೋಡೆ ಎದೆಮಟ್ಟದ್ದು. ಆಯಮ್ಮ ಅದರ ಮೇಲೆ ಗದ್ದ ಊರಿ ಕೇಳುತ್ತಿದ್ದಳು:

"ಬಾವ, ಒಂದು ಗಂಟೆ ಚಟ್ನಿ ಅರೀತಾರಲ್ಲ, ಇಬ್ರೇ ತಿಂತೀರಾ?"

"ನಮ್ಗೆ ಚಟ್ನಿ ಸ್ವಲ್ಪ ಜಾಸ್ತಿ ಕಣಮ್ಮ."

"ಆಗ್ಲಿ. ಕೋಳಿ ಇನ್ನೂ ಮರಿ ಮಾಡ್ಲಿಲ್ವಾ? ಹೋದ ಯುಗಾದೀಲೂ ಕಾವು ಕೂತಿತ್ತು."

ನಾನು ಕೆಮ್ಮಿ ಒಳಗೆ ಹೋಗುತ್ತಿದ್ದೆ. ಅವಳಿಗೆ ಗೊತ್ತಾಗಿಲ್ಲ ಎಂದುಕೊಂಡಿದ್ದೆ. ತಪ್ಪು ಮಾಡುವವನಿಗೆ ಊರಿನವರೆಲ್ಲ ದಡ್ಡರಾಗಿ ಕಾಣುತ್ತಾರೆ.

ಹೋದ ವರ್ಷದ ಬೇಸಿಗೆಯಲ್ಲಿ ಗಲಾಟೆ ಎದ್ದಿತು. ನಮ್ಮ ಸಾಲಿನಲ್ಲಿ ನೀರು ಹತ್ತುತ್ತಿಲ್ಲ ಎಂದು ಜನ ಡೈರಿ ಮುಂದೆ ಸೇರಿದರು. ಡೈರಿಯಲ್ಲಿ ಹಾಲು ಅಳೆಯುವವನು ಬಾಯಿ ದೊಡ್ಡವನು. "ಯಾವನೋ ಮೋಟ್ರು ಮಡಗವ್ನೆ ಕಣ್ರಲಾ. ಮನೆಮನೆ ನುಗ್ಗಿ ತಡಕನ ನಡೀರಿ. ಮೊದಲು ಅಧ್ಯಕ್ಷರ ಮನೆಯಿಂದ್ಲೇ ಶುರು ಮಾಡನ, ಯಾರೂ ಏನೂ ಅನ್ನಂಗಿಲ್ಲ" ಎಂದ. ಆ ಹೊತ್ತಿಗೆ ಆಯಮ್ಮ ಹಾಲಿನ ಕ್ಯಾನು ಹಿಡಿದು ಬಂದಳು. ನನಗೆ ಏನು ತೋಚಿತೋ, ಬಾಯಿ ತಾನಾಗಿ ತೆರೆದುಕೊಂಡಿತು.

"ಮೋಟ್ರು ಹುಡುಕೋದು ಹಾಗಿರ್ಲಿ. ಈ ಬಿಸಿಲಲ್ಲಿ ಯಾರ ಹಿತ್ಲು ಹಸ್ರಾಗದೆ ನೋಡ್ರಪ್ಪ. ಕುಡಿಯೋ ನೀರು ಕೊಟ್ಟಿರೋದು ಕುಡಿಯೋಕೆ. ಬೇಸಾಯ ಮಾಡೋಕಲ್ಲ."

ಎಲ್ಲರ ತಲೆ ಅವಳ ಕಡೆ ತಿರುಗಿತು. ಅವಳು ಕ್ಯಾನು ಕೆಳಗಿಟ್ಟಳು.

"ನನ್ನ ನಲ್ಲೀಲಿ ಬರೋದು ಬರೀ ಗಾಳಿ ಬಾವ. ಗಾಳಿಗೆ ಸೊಪ್ಪು ಬೆಳೀತದೆ ಅನ್ನೋದಾದ್ರೆ ನಿಮ್ಗೂ ಏಳ್ಕೊಡ್ತೀನಿ."

ಜನ ನಕ್ಕರು. ನಕ್ಕದ್ದಕ್ಕೆ ನನಗೆ ಇನ್ನಷ್ಟು ಸಿಟ್ಟು ಬಂತು. "ಅಂಗಾರೆ ಬಂದು ನೋಡ್ತೀವಿ. ಗಿಡಕ್ಕೆ, ದನಕ್ಕೆ ನಲ್ಲಿ ನೀರು ಬಿಟ್ಟಿದ್ದು ಕಂಡ್ರೆ ಕನೆಕ್ಷನ್ ಕಟ್" ಎಂದೆ.

"ಬನ್ನಿ. ಕಾಲು ತೊಳಿಯಾಕೆ ನೀರು ಮಾತ್ರ ನೀವೇ ತನ್ನಿ."

ತಪಾಸಣೆಗೆ ಹಾಸನದಿಂದ ಒಬ್ಬ ಎಂಜಿನಿಯರು ಬರುವವರಿದ್ದರು. ಬೆಳಿಗ್ಗೆ ಹತ್ತಕ್ಕೆ ಎಂದು ನಾನು ಲೆಕ್ಕ ಹಾಕಿದ್ದೆ. ಅಷ್ಟೊತ್ತಿಗೆ ನಲ್ಲಿ ನಿಂತಿರುತ್ತದೆ, ಮೋಟರೂ ನಿಂತಿರುತ್ತದೆ. ಆದರೆ ಆ ಮನುಷ್ಯ ಐದೂಮುಕ್ಕಾಲಿಗೇ ಡೈರಿ ಮುಂದೆ ಜೀಪು ನಿಲ್ಲಿಸಿ, "ನೀರು ಬರೋ ಹೊತ್ತಲ್ಲೇ ನೋಡ್ಬೇಕಲ್ವೇನ್ರಿ?" ಎಂದರು. ನಾನು ಹಾಲು ಹಾಕಲು ಬಂದವನು ಅಲ್ಲೇ ಸಿಕ್ಕಿಬಿದ್ದೆ. "ಒಂದ್ನಿಮಿಷ ಮನೇಗೆ ಹೋಗಿ ಬತ್ತೀನಿ ಸಾ" ಎಂದರೆ ಡೈರಿಯವನು ತೋಳು ಹಿಡಿದುಕೊಂಡು, "ಅಧ್ಯಕ್ಷರಿಲ್ದೆ ಹೆಂಗೆ?" ಎಂದ. ಹೆಂಡತಿಗೆ, ಇವತ್ತು ಸ್ವಿಚ್ ಹಾಕಬೇಡ ಎಂದು ಹೇಳಿಯೇ ಇರಲಿಲ್ಲ.

ಡೈರಿಯವನೂ ಸೇರಿ ಸಮಿತಿಯ ಮೂವರು, ಎಂಜಿನಿಯರು, ನಾನು, ಐದು ಜನ ಕೊನೆಮನೆಯ ಹಿತ್ತಲಿಗೆ ನುಗ್ಗಿದೆವು. ಹೊಕ್ಕ ತಕ್ಷಣ ನನ್ನ ಕಣ್ಣಿಗೆ ಬಿದ್ದದ್ದು ನಲ್ಲಿಯ ಮೂತಿಗೆ ಸಿಕ್ಕಿಸಿದ್ದ ಒಂದು ಮಾರು ರಬ್ಬರ್ ಪೈಪು. ಅದರ ತುದಿ ಕಲಗಚ್ಚಿನ ಬಾನಿಯ ತಳದವರೆಗೆ ಮುಳುಗಿತ್ತು. ಬಾನಿ ತುಂಬಿತ್ತು, ಹಸು ಪಕ್ಕದಲ್ಲೇ ನಿಂತಿತ್ತು.

"ನೋಡ್ಕಳಿ ಸಾ!" ಎಂದು ಕೂಗಿದೆ. "ಕುಡಿಯೋ ನೀರು ಬಾನಿಗೆ!"

"ನಲ್ಲಿ ಯಾವಾಗ್ಲೋ ಒಂದೀಟು ಉಗುಳ್ತದೆ ಸಾ. ಅದೂ ನೆಲಕ್ಕೆ ಬೀಳಬಾರ್ದು ಅಂತ ಮಡಗಿದೀನಿ" ಎಂದಳು.

ಅಷ್ಟರಲ್ಲಿ ಮೊಪೆಡ್ಡಿನ ಹಾರನ್ ಎರಡು ಸಲ ಕೇಳಿತು. ಎಲ್ಲರೂ ನಲ್ಲಿಯ ಕಡೆ ಬಗ್ಗಿದೆವು. ನಲ್ಲಿ ಒಮ್ಮೆ ತೇಗಿತು. ಗೋಡೆಯಾಚೆ ನನ್ನ ಹಿತ್ತಲಿನಲ್ಲಿ ಗುಂಯ್ ಎಂದು ಸದ್ದು ಶುರುವಾಯಿತು. ಪೈಪು ಒಂದು ಸಲ ಹಾವಿನ ಹಾಗೆ ಹೊರಳಿತು. ಆಮೇಲೆ ಬಾನಿಯೊಳಗಿನ ಕಲಗಚ್ಚು ಇಳಿಯತೊಡಗಿತು.

ಏರುತ್ತಿಲ್ಲ, ಇಳಿಯುತ್ತಿದೆ. ಗೊರ್ ಗೊರ್ ಎಂದು ಬೂಸಾ ಸಮೇತ ಮುಸುರೆ ಪೈಪಿನೊಳಗೆ ಹೋಗುತ್ತಿದೆ. ಹಸು ಗಾಬರಿಯಾಗಿ ಮೂತಿ ಇಟ್ಟಿತು. ಕಲಗಚ್ಚು ಇಳಿದ ಹಾಗೆ ಅದರ ಮೂತಿಯೂ ಕೆಳಕ್ಕಿಳಿಯಿತು. ಕಡೆಗೆ ಕೊಂಬೆರಡು ಮಾತ್ರ ಬಾನಿಯ ಮೇಲೆ ಕಾಣುತ್ತಿದ್ದವು. ಸೌತೆಕಾಯಿ ಸಿಪ್ಪೆಯೊಂದು ಪೈಪಿನ ಬಾಯಿಗೆ ಅಡ್ಡ ಸಿಕ್ಕಿ, ಕ್ಷಣ ತಡೆದು, ಸುರ್ರೆಂದು ಒಳಗೆ ಹೋಯಿತು.

ಎಂಜಿನಿಯರು ಕನ್ನಡಕ ತೆಗೆದು ಒರೆಸಿಕೊಂಡರು. "ಏನಮ್ಮ ಇದು? ನಿಮ್ಮ ನಲ್ಲಿ ನೀರು ಕೊಡೋದು ಬಿಟ್ಟು ಕುಡೀತಾ ಇದೆಯಲ್ಲ?"

ಆಯಮ್ಮ ನನ್ನನ್ನು ನೋಡಿದಳು. ಒಂದು ಮಾತು ಆಡಿದ್ದರೆ ಅವಳ ನಲ್ಲಿ ಉಳಿಯುತ್ತಿತ್ತು, ನನ್ನ ಮಾನ ಹೋಗುತ್ತಿತ್ತು.

"ಬ್ಯಾಸ್ಗೆ ಅಲ್ವಾ ಸಾ, ಅದಕ್ಕೂ ಬಾಯಾರಿರ್ತದೆ" ಎಂದಳು.

"ಆ ಕಡೆ ಏನು ಸದ್ದು?"

"ಅದಾ? ಅಧ್ಯಕ್ಷರ ಮನೇದು. ಚಟ್ನಿ ಅರೀತಾವ್ರೆ."

ಡೈರಿಯವನು ಆಕಾಶ ನೋಡಿದ. ನಾನು ಭೂಮಿ ನೋಡಿದೆ. ಅಲ್ಲಿಗೇ ಮುಗಿದಿದ್ದರೆ ಬದುಕುತ್ತಿದ್ದೆ. ಆದರೆ ಆಫೀಸರು ಬಂದಿದ್ದಾರೆ ಎಂದು ತಿಳಿದ ನನ್ನ ಹೆಂಡತಿ, ಅಧ್ಯಕ್ಷರ ಮನೆಯ ಮರ್ಯಾದೆ ಎಂದು, ಐದು ಲೋಟ ಕಾಫಿ ತಟ್ಟೆಯಲ್ಲಿಟ್ಟುಕೊಂಡು ಬಂದಳು. ಅಡುಗೆಗೆ ಅವಳು ನೀರು ಹಿಡಿಯುತ್ತಿದ್ದುದು ಮೋಟರಿನ ಪೈಪಿನ ಬಾಯಿಂದಲೇ. ತಟ್ಟೆ ನನ್ನ ಮುಂದೆ ಹಾದಾಗ ಮೂಗಿಗೆ ಬೂಸಾದ ವಾಸನೆ ಬಡಿಯಿತು. ಎಂಜಿನಿಯರು ಲೋಟ ಎತ್ತಿಯಾಗಿತ್ತು.

"ಅಯ್ಯೋ ನೊಣ ಬಿದ್ದದೆ ಸಾ!" ಆಯಮ್ಮ ಅವರ ಕೈಯಿಂದ ಲೋಟ ಕಿತ್ತುಕೊಂಡು ಬಾನಿಗೆ ಸುರಿದಳು. ತಟ್ಟೆಯ ಮಿಕ್ಕ ನಾಲ್ಕನ್ನೂ ಸುರಿದಳು.

"ಐದರಲ್ಲೂ ನೊಣವೇನಮ್ಮ?"

"ನಮ್ಮೂರ ನೊಣ ಸಾ. ಯಾವಾಗ್ಲೂ ಜೊತೇಲೇ ಓಡಾಡ್ತವೆ."

ಹಸು ಆ ಕಾಫಿಯನ್ನು ನೆಕ್ಕಿ ನೆಕ್ಕಿ ಕುಡಿಯಿತು. ಅದರದ್ದೇ ಅಲ್ಲವೆ.

ಎಂಜಿನಿಯರು ಏನೂ ಬರೆದುಕೊಳ್ಳದೆ, "ನೀವು ನೀವೇ ತೀರ್ಮಾನ ಮಾಡ್ಕೊಳ್ಳಿ" ಎಂದು ಹೊರಟುಹೋದರು. ಅವತ್ತು ಸಂಜೆ ನಾನು ಮಾಡಿದ್ದನ್ನು ಬರೆಯಲು ಕೂತಾಗೆಲ್ಲ ಪೆನ್ನು ಕೆಳಗಿಟ್ಟಿದ್ದೇನೆ. ನನ್ನನ್ನು ಉಳಿಸಿದವಳು ನಾಳೆ ಬಾಯಿ ಬಿಟ್ಟರೆ? ಆ ಭಯಕ್ಕೆ, ಅವಳನ್ನೇ ಮೊದಲು ತಪ್ಪಿತಸ್ಥಳನ್ನಾಗಿ ಮಾಡಿಬಿಡೋಣ ಅನ್ನಿಸಿತು. 'ನಲ್ಲಿಯ ಪೈಪು ಬಾನಿಯಲ್ಲಿ ಇದ್ದದ್ದು ಕಂಡುಬಂದಿದೆ' ಎಂದು ಸಮಿತಿಯ ಪುಸ್ತಕದಲ್ಲಿ ಬರೆದೆ. ಅಕ್ಷರ ಅಕ್ಷರವೂ ನಿಜ. ಸಹಿ ಹಾಕಿದೆ. ಮಾರನೆಯ ದಿನ ವಾಟರ್‌ಮ್ಯಾನ್ ಅವಳ ನಲ್ಲಿ ಬಿಚ್ಚಿ ಪೈಪಿಗೆ ಬಿರಡೆ ಜಡಿದ.

ಅವಳು ಶಾಲೆಯ ಹತ್ತಿರದ ಕೈಪಂಪಿನಿಂದ ಕೊಡ ಹೊತ್ತು ತರತೊಡಗಿದಳು. ಹಸು ಒಂದಕ್ಕೇ ಎಷ್ಟೊಂದು ಕೊಡ ಬೇಕು! ಎಲ್ಲವೂ ನನ್ನ ಮನೆ ಮುಂದೆಯೇ ಹೋಗಬೇಕು. ನಾನು ಜಗಲಿಯ ಮೇಲೆ ಕೂತು ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದೆ. ಒಂದು ದಿನ ಅವಳು ಸೊಂಟದ ಕೊಡ ಸರಿಮಾಡಿಕೊಳ್ಳುತ್ತ ನಿಂತಳು.

"ಬಾವ, ಅದು ಹೋದ ವಾರದ ಪೇಪರು. ನಾನೇ ದಂಟಿನ ಸೊಪ್ಪು ಸುತ್ತಿ ಕಳ್ಸಿದ್ದೆ."

ಮುಖದಿಂದ ಪೇಪರ್ ಇಳಿಸಲಿಲ್ಲ. ಅದರೊಳಗಿನಿಂದಲೇ, "ಸೊಪ್ಪು ಚೆನ್ನಾಗಿತ್ತು" ಎಂದೆ.

ಮನೆಯಲ್ಲಿ ಹೆಂಡತಿ ಮಾತು ನಿಲ್ಲಿಸಿದ್ದಳು. ಕಾಫಿಯ ಪಾತ್ರೆಯ ತಳದಲ್ಲಿ ಸೌತೆಕಾಯಿ ಸಿಪ್ಪೆ ಸಿಕ್ಕಿದ ದಿನದಿಂದ ಅವಳಿಗೆ ಎಲ್ಲ ಅರ್ಥವಾಗಿತ್ತು. "ಆ ಪುಣ್ಯಾತ್ಗಿತ್ತಿ ಸುಮ್ನವಳೆ ಅಂತ ನೀವೂ ಸುಮ್ನಿದ್ದೀರಲ್ಲ" ಎಂದದ್ದೇ ಕೊನೆಯ ಮಾತು. ತಡೆಯಲಾರದೆ ಒಂದು ಮಧ್ಯಾಹ್ನ ಮಂಕರಿ ಎತ್ತಿ ಮೋಟರು ಬಿಚ್ಚಿ ಅಟ್ಟಕ್ಕೆ ಹಾಕಿದೆ. ಪ್ರಾಯಶ್ಚಿತ್ತ ಆಯಿತು ಅಂದುಕೊಂಡೆ. ಯಾರಿಗೂ ಗೊತ್ತಾಗದ ಪ್ರಾಯಶ್ಚಿತ್ತ ಎಷ್ಟು ಹಗುರವಾಗಿರುತ್ತದೆ! ಅವತ್ತು ರಾತ್ರಿ ಒಳ್ಳೆ ನಿದ್ದೆ ಬಂತು.

ಎಂಟು ಹತ್ತು ದಿನ ಕಳೆದಿರಬೇಕು. ಗೋಡೆಯ ಮೇಲೆ ಗದ್ದ ಕಾಣಿಸಿತು.

"ಬಾವ, ಯಾಕೆ ಚಟ್ನಿ ನಿಲ್ಸಿಬುಟ್ರಿ?"

ನಾನು ಬಗ್ಗಿ ಸಸಿಯ ಚೀಲವೊಂದನ್ನು ಅತ್ತಿಂದಿತ್ತ ಸರಿಸಿದೆ.

"ಬನ್ನಿ ಇಲ್ಲಿ, ಒಂದು ತೋರುಸ್ತೀನಿ."

ಹೋದೆ. ಹಿತ್ತಲು ಬಾಡಿತ್ತು. ಕೆಸುವಿನ ಎಲೆ ಜೋತುಬಿದ್ದಿತ್ತು. ಸೀಮೆಹುಲ್ಲು ಹಳದಿಗೆ ತಿರುಗಿತ್ತು. ಅವಳು ಬಗ್ಗಿ ನಮ್ಮಿಬ್ಬರ ಗೋಡೆಯ ಬುಡದಲ್ಲಿದ್ದ ಒಂದು ತೂತನ್ನು ತೋರಿಸಿದಳು. ನನ್ನ ತೆಂಗಿನ ಸಸಿಗಳ ಮಡಿ ಇಳಿಜಾರಾಗಿ ಮುಗಿಯುವುದು ಸರಿಯಾಗಿ ಅಲ್ಲಿ. ಸಸಿ ಕುಡಿದು ಮಿಕ್ಕ ನೀರು ಆ ತೂತಿನಿಂದ ಇಳಿದು ಅವಳ ದಂಟಿಗೆ, ಅಲ್ಲಿಂದ ಕೆಸುವಿಗೆ, ಬಾಳೆಗೆ, ಕಡೆಗೆ ಹುಲ್ಲಿಗೆ ಹೋಗುವ ಹಾಗೆ ಬೆರಳಗಲದ ಕಾಲುವೆಯನ್ನು ಅವಳು ತೋಡಿದ್ದಳು. ಅದು ಒಣಗಿ ಬಿರುಕು ಬಿಟ್ಟಿತ್ತು.

"ನನ್ನ ನೀರು ನೀವು ಎಳ್ಕತಿದ್ರಿ, ಸರಿ. ಆದ್ರೆ ಸಾಯಂಕಾಲಕ್ಕೆ ಅದು ಮನೇಗೆ ವಾಪಸ್ ಬತ್ತಿತ್ತು ಬಾವ. ನಿಮ್ಮನೇಲಿ ಒಂದು ಕೆಲ್ಸ ಮಾಡ್ಕಂಡು ಬತ್ತಿತ್ತು, ನಾನೂ ಏನೂ ಅನ್ನಲಿಲ್ಲ. ಈಗ ನಲ್ಲೀನೂ ಇಲ್ಲ, ನಿಮ್ ಚಟ್ನೀನೂ ಇಲ್ಲ. ಹಸ ಮಾರಾದೊಂದೇ ಬಾಕಿ."

ಯಾರ ಹಿತ್ತಲು ಹಸಿರಾಗಿದೆ ಎಂದು ಊರೆದುರು ಬೆರಳು ತೋರಿಸಿದ್ದೆನೋ ಅದು ಹಸಿರಾದದ್ದು ನಾನು ಕದ್ದ ನೀರಿನಲ್ಲೇ!

"ಅವತ್ತೇ ಯಾಕೆ ಏಳ್ಲಿಲ್ಲ ಕಣಮ್ಮ?"

"ಏಳಿದ್ರೆ ನಿಮ್ ಮೋಟ್ರು ಕಿತ್ತಾಕ್ತಿದ್ರು. ಸಸಿಗಳು ಒಣಗೋಗವು. ಅವೇನು ಮಾಡಿದ್ವು ಪಾಪ?"

ಆ ವಾರವೇ ಸಮಿತಿ ಸೇರಿಸಿದೆ. ಎದ್ದು ನಿಂತು, ನಾನೇ ಕಳ್ಳ ಎಂದು ಹೇಳುವುದಕ್ಕೇ ಹೋಗಿದ್ದೆ, ದೇವರಾಣೆ. ಬಾಯಿಂದ ಬಂದದ್ದು ಬೇರೆ. "ಹಸು, ಹಿತ್ತಲು ಇಲ್ಲದ ಹಳ್ಳಿ ಮನೆ ಉಂಟೇ? ಒಂದು ಹಸು, ನಾಲ್ಕು ಗಿಡದಷ್ಟು ನೀರನ್ನು ನಲ್ಲಿಯಿಂದ ಬಳಸಬಹುದು ಅಂತ ನಿಯಮ ತಿದ್ದೋಣ. ಕೊನೆಮನೆಯ ಕನೆಕ್ಷನ್ ವಾಪಸ್ ಕೊಡೋಣ" ಎಂದೆ. ಚಪ್ಪಾಳೆ ಬಿತ್ತು. ನಲ್ಲಿ ಬಂತು, ನನ್ನ ಮೋಟರು ಅಟ್ಟದಲ್ಲೇ ಇದ್ದದ್ದರಿಂದ ನೀರೂ ಬಂತು. ಹಸು ಉಳಿಯಿತು. ನನ್ನ ಸಸಿಗಳಿಗೆ ನಾನೇ ಹೇಮಾವತಿ ಕಾಲುವೆಯಿಂದ ಸೈಕಲ್ಲಿನಲ್ಲಿ ಕ್ಯಾನು ಕಟ್ಟಿ ತಂದೆ. ಅದರಲ್ಲಿ ಮಿಕ್ಕದ್ದು ತೂತಿನಿಂದ ಹೋಗುತ್ತಿತ್ತು.

ಆದರೆ ಪಾಪಕ್ಕೆ ಚಿಗುರು ಬೇಗ. ಬಳಸಿದ ನೀರನ್ನು ಮತ್ತೆ ಬಳಸುವ ಮಾದರಿ ಎಂದು ಅವಳ ಹಿತ್ತಲನ್ನು ನೋಡಲು ಮೇಲಿನವರು ಬಂದರು. ವಿವರಿಸಿದವನು ನಾನು. "ಯಾವ ನೀರಿಗೂ ಇನ್ನೂ ಎರಡು ಕೆಲಸ ಬಾಕಿ ಇರುತ್ತದೆ ಸಾರ್" ಎಂದು, ಸ್ವಂತ ಮಾತಿನ ಹಾಗೆ, ಕೈ ಎತ್ತಿ ಹೇಳಿದೆ. ನನಗೆ ಶಾಲು ಹೊದಿಸಿದರು. ಫೋಟೋದಲ್ಲಿ ನನ್ನ ಹಿಂದೆ ಹಸುವಿನ ಮುಖ ಕಾಣುತ್ತದೆ. ಹಸುವಿನ ಹಿಂದೆ, ಬಕೆಟ್ಟಿನ ಹಗ್ಗ ಹಿಡಿದ ಒಂದು ಕೈ ಮಾತ್ರ. ಅವರೆಲ್ಲ ಹೋದ ಮೇಲೆ ಅವಳು ಶಾಲು ಮುಟ್ಟಿ ನೋಡಿ, "ಒಳ್ಳೆ ನೂಲು ಬಾವ. ಹಳೇದಾದ್ಮೇಲೆ ಬಿಸಾಕ್ಬ್ಯಾಡಿ, ಕೋಸಂಬರಿ ಕಾಳು ಮೊಳಕೆ ಕಟ್ಟಾಕೆ ಚೆನ್ನಾಗಿರ್ತದೆ" ಎಂದಳು.

ಹೋದ ತಿಂಗಳು, ಹಾಲು ಕರೆದು ಡೈರಿಗೆ ಹಾಕಿ ಬಂದು, ಎದೆ ನೋವು ಎಂದು ಮಲಗಿದವಳು ಏಳಲಿಲ್ಲ.

ಹನ್ನೊಂದನೆಯ ದಿನದ ತಿಥಿಗೆ ಊರೆಲ್ಲ ಸೇರಿತ್ತು. ಊಟಕ್ಕೆ ಎಲೆ ಹಾಕುವ ಮೊದಲು ಯಾರೋ, "ಅಧ್ಯಕ್ಷರು ದೊಡ್ಡ ಮನಸು ಮಾಡಿ ಆಯಮ್ಮಂಗೆ ನಲ್ಲಿ ಕೊಡಿಸಿದ್ರು" ಎಂದರು. ನನಗೆ ಕೂರಲಾಗಲಿಲ್ಲ. ಎದ್ದು ನಿಂತೆ.

"ನಾನು ಕೊಡ್ಸಲಿಲ್ಲ ಕಣ್ರಪ್ಪ. ಕಿತ್ತೋನು ನಾನು. ಮೋಟ್ರು ಮಡಗಿದ್ದೋನೂ ನಾನೇ. ಎರಡು ವರ್ಷ ಆಯಮ್ಮನ ನೀರು ಎಳ್ಕಂಡೆ. ಅದು ಮಿಕ್ಸಿ ಅಲ್ಲ."

ಡೈರಿಯವನು ಎದೆಯ ಮೇಲೆ ಕೈಯಿಟ್ಟುಕೊಂಡು, "ಅಯ್ಯೋ ಶಿವನೇ! ಅಂಗಾರೆ ಚಟ್ನಿ ಅಲ್ವಾ ಅದು?" ಎಂದ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಸಾವಿನ ಮನೆ ಎನ್ನುವುದನ್ನೂ ಮರೆತು ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. "ಕೂತ್ಕಳಣ್ಣ," ಎಂದ ಇನ್ನೊಬ್ಬ, "ಊರಿಗೆಲ್ಲ ಗೊತ್ತು. ಬಾನಿ ಖಾಲಿಯಾದ ದಿನವೇ ಗೊತ್ತಾಯ್ತು. ಯಾರೂ ಏನೂ ಕೇಳ್ಬ್ಯಾಡಿ ಅಂತ ಆಯಮ್ಮನೇ ಬಾಯಿ ಕಟ್ಟಿದ್ಲು."

ಊಟವಾಯಿತು. ಮಗಳು ಬಕೆಟ್ಟು ಹಿಡಿದು ನಿಂತಿದ್ದಳು. ಅದೇ ಹಗ್ಗ ಕಟ್ಟಿದ ಬಕೆಟ್ಟು. ಕೈ ತೊಳೆಯಲು ಬಂದವರನ್ನು ಒಬ್ಬೊಬ್ಬರನ್ನಾಗಿ ಗಿಡಗಳ ಬುಡಕ್ಕೆ ಹಂಚುತ್ತಿದ್ದಳು. "ನೀವು ಬದ್ನೆಗೆ ನಿಂತ್ಕಳಿ. ನೀವು ಬಾಳೆಗೆ." ನನ್ನ ಸರದಿ ಬಂದಾಗ, ಹೊಸದಾಗಿ ತೋಡಿದ್ದ ಎರಡು ಗುಂಡಿಗಳ ಹತ್ತಿರ ಕರೆದುಕೊಂಡು ಹೋದಳು. ಅದರಲ್ಲಿ ಇನ್ನೂ ಏನೂ ನೆಟ್ಟಿರಲಿಲ್ಲ.

"ಖಾಲಿ ಗುಂಡಿ ಅಲ್ವೇನವ್ವ?"

"ನಿಮ್ಮನೇದು ಬರ್ಬೇಕು ದೊಡ್ಡಪ್ಪ. ಅವ್ವ ಏಳಿತ್ತು: 'ಬಾವ ಒಂದಿನ ಬಾಯಿ ಬುಡ್ತಾರೆ. ಬುಟ್ಟಾಗ ಜಗಳ ಆಡ್ಬ್ಯಾಡ. ಎಲ್ಡು ತೆಂಗಿನ ಸಸಿ ಇಸ್ಕೊ. ನಮ್ಮನೆ ಕಲಗಚ್ಚು ಕುಡ್ದವೆ ಅವು' ಅಂತ."

ಕೈಯ ಮೇಲೆ ನೀರು ಬೀಳುತ್ತಿತ್ತು. ಗುಂಡಿಯ ಮಣ್ಣು ಅದನ್ನು ಸದ್ದಿಲ್ಲದೆ ಕುಡಿಯುತ್ತಿತ್ತು.

"ನಾನು ಬಾಯಿ ಬುಡದೇ ಇದ್ದಿದ್ರೆ?"

ಮಗಳು ತಾಯಿಯ ಹಾಗೆಯೇ ಗದ್ದ ಮುಂದೆ ಮಾಡಿ ನಕ್ಕಳು. "ಬುಡದೇ ಇದ್ರೆ ನಾಕು ಇಸ್ಕೊ ಅಂದಿತ್ತು."

ಮನೆಗೆ ಬಂದು, ಗೋಡೆಯ ಪಕ್ಕದ ಸಾಲಿನಿಂದ ಒಳ್ಳೆಯವನ್ನು ಆರಿಸಿ, ನಾಲ್ಕು ಕೊಟ್ಟೆ.